ಮೂರು ತಲೆಮಾರಿನ ಕೆಂಪು ಮೂತ್ರ: ಆಲ್‌ಪೋರ್ಟ್ ಕಾಯಿಲೆಯ ಮೊದಲ ಮನೆತನ

1902ರಲ್ಲಿ ಲಂಡನ್‌ನ ವೈದ್ಯ ಲಿಯೊನಾರ್ಡ್ ಗುಥ್ರಿ ಒಂದು ಬ್ರಿಟಿಷ್ ಮನೆತನದ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆ ಮನೆಯ ಮಕ್ಕಳಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಒಬ್ಬರಿಗಲ್ಲ, ಹಲವರಿಗೆ. ನೆಗಡಿ, ಜ್ವರ ಬಂದಾಗ ಜಾಸ್ತಿ ಆಗುತ್ತಿತ್ತು, ಆಮೇಲೆ ಬಣ್ಣ ತಿಳಿಯಾಗುತ್ತಿತ್ತು. ಕಾರಣ ಏನು ಅಂತ ಗುಥ್ರಿಗೆ ಸಿಗಲಿಲ್ಲ. ಕಾರಣ ಗೊತ್ತಿಲ್ಲದ, ಹುಟ್ಟಿನಿಂದಲೇ ಇರುವ, ಒಂದೇ ಮನೆತನದಲ್ಲಿ ಕಾಣುವ ರಕ್ತಮೂತ್ರ ಅನ್ನುವ ಅರ್ಥದ ತಲೆಬರಹವನ್ನೇ ಲೇಖನಕ್ಕೆ ಕೊಟ್ಟರು. ಗೊತ್ತಿಲ್ಲದ್ದನ್ನು ತಲೆಬರಹದಲ್ಲೇ ಹೇಳಿಬಿಡುವ ಡಾಕ್ಟರು ಅಪರೂಪ, ಅಲ್ವಾ?

ನಮ್ಮ ಕಡೆ ಆಗಿದ್ದರೆ ಏನಾಗುತ್ತಿತ್ತು ಅಂತ ಊಹಿಸುವುದು ಕಷ್ಟವಲ್ಲ. ಮಗುವಿನ ಮೂತ್ರ ಕೆಂಪಗೆ ಹೋಯಿತು ಅಂದ ಕೂಡಲೇ ಮನೆಯ ಹಿರಿಯರು ‘ಉಷ್ಣ ಆಗಿದೆ, ಎಳನೀರು ಕುಡಿಸಿ’ ಅನ್ನುತ್ತಾರೆ. ಎಳನೀರು ಕುಡಿಸುತ್ತೇವೆ, ನಾಲ್ಕು ದಿನಕ್ಕೆ ಬಣ್ಣ ಸರಿಹೋಗುತ್ತದೆ. ಎಳನೀರಿನಿಂದಲೇ ವಾಸಿಯಾಯಿತು ಅಂದುಕೊಳ್ಳುತ್ತೇವೆ. ಈ ಕಾಯಿಲೆಯ ಮೋಸವೇ ಅದು. ಬಣ್ಣ ಸರಿಹೋದರೂ ರಕ್ತ ಹೋಗುವುದು ನಿಂತಿರುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಮೈಕ್ರೋಸ್ಕೋಪ್ ಕೆಳಗಿಟ್ಟರೆ ಕೆಂಪು ರಕ್ತಕಣಗಳು ಅಲ್ಲೇ ಇರುತ್ತವೆ.

ಗುಥ್ರಿ ನೋಡಿದ ಮನೆತನವನ್ನು ಬೇರೆ ವೈದ್ಯರು ಬಿಡಲಿಲ್ಲ. 1912ರಲ್ಲಿ ಕೆಂಡಾಲ್ ಮತ್ತು ಹರ್ಟ್ಜ್ ಅದೇ ಮನೆಯವರನ್ನು ಮತ್ತೆ ಪರೀಕ್ಷಿಸಿ ಬರೆದರು. 1923ರಲ್ಲಿ ಆರ್ಥರ್ ಹರ್ಸ್ಟ್ ಬರೆದರು. ಹರ್ಟ್ಜ್ ಮತ್ತು ಹರ್ಸ್ಟ್ ಇಬ್ಬರೂ ಒಬ್ಬರೇ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ತರಹ ಕೇಳುವ ಹೆಸರು ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಓಡಾಡುವುದು ಕಷ್ಟವಾಗಿತ್ತು, ಹಾಗಾಗಿ ಬದಲಾಯಿಸಿಕೊಂಡರು. ಹರ್ಸ್ಟ್ ಬರೆಯುವ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗಿತ್ತು. ‘ಸುಮ್ನೆ ಕೆಂಪು ಮೂತ್ರ’ ಅಂದುಕೊಂಡಿದ್ದ ಮನೆಯಲ್ಲಿ ಕಿಡ್ನಿ ಕೈಕೊಟ್ಟು ಸತ್ತವರಿದ್ದರು. ರಕ್ತದಲ್ಲಿ ಯೂರಿಯಾ ಏರಿ ಸಾಯುವುದು ಹೇಗಿರುತ್ತದೆ ಅಂತ ಡಯಾಲಿಸಿಸ್ ಬಂದ ಮೇಲೆ ಹುಟ್ಟಿದ ನಮಗೆ ಗೊತ್ತಿಲ್ಲ. ವಾಂತಿ, ಏದುಸಿರು, ಮಂಪರು. ಆಗ ಮಾಡಲು ಏನೂ ಇರಲಿಲ್ಲ.

1927ರಲ್ಲಿ ಆರ್ಥರ್ ಸೆಸಿಲ್ ಆಲ್‌ಪೋರ್ಟ್ ಬಂದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿ, ಲಂಡನ್‌ನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. ಮುಂದೆ ಈಜಿಪ್ಟಿಗೆ ಹೋಗಿ ಅಲ್ಲಿನ ಆಸ್ಪತ್ರೆಗಳ ಭ್ರಷ್ಟಾಚಾರದ ವಿರುದ್ಧ ಜಗಳಕ್ಕೆ ನಿಂತ ಮನುಷ್ಯ, ಆ ಕಥೆ ಇನ್ನೊಂದು ಸಲ ಹೇಳಬೇಕು. ಅವರು ಆ ಮನೆತನದ ಮೂರು ತಲೆಮಾರನ್ನೂ ಒಟ್ಟಿಗೆ ಹರಡಿಕೊಂಡು ನೋಡಿದರು. ಅವರಿಗೆ ಕಂಡದ್ದು ಎರಡು ವಿಷಯ. ಒಂದು, ಈ ಮನೆಯಲ್ಲಿ ಕಿಡ್ನಿ ತೊಂದರೆ ಇದ್ದವರಿಗೆ ಕಿವಿಯೂ ಕೇಳುತ್ತಿರಲಿಲ್ಲ. ಇನ್ನೊಂದು, ಗಂಡಸರು ಸಾಮಾನ್ಯವಾಗಿ ಮುಪ್ಪಿನವರೆಗೆ ಬದುಕುತ್ತಿರಲಿಲ್ಲ, ಹೆಂಗಸರಿಗೆ ರಕ್ತ ಹೋಗುತ್ತಿದ್ದರೂ, ಕಿವಿ ಮಂದವಾದರೂ, ವಯಸ್ಸಾಗುವವರೆಗೂ ಬದುಕುತ್ತಿದ್ದರು.

ಈ ಎರಡನ್ನೂ ಜೋಡಿಸಿ ಹೇಳಿದ್ದಕ್ಕೇ 1961ರಲ್ಲಿ ಕಾಯಿಲೆಗೆ ಆಲ್‌ಪೋರ್ಟ್ ಸಿಂಡ್ರೋಮ್ ಅಂತ ಹೆಸರು ಬಿತ್ತು. ಅವರು ತೀರಿಕೊಂಡು ಆಗಲೇ ಎರಡು ವರ್ಷ ಆಗಿತ್ತು.

ಆದರೆ ಕಾರಣ? ಕಿಡ್ನಿಗೂ ಕಿವಿಗೂ ಎಲ್ಲಿಯ ನಂಟು?

ಆ ಕಾಲದ ವೈದ್ಯರನ್ನು ಬೈಯುವುದು ಸುಲಭ, ಆದರೆ ಅವರ ಕೈಯಲ್ಲಿದ್ದ ಸುಳಿವುಗಳು ಅಡ್ಡದಾರಿಗೆ ಎಳೆಯುವಂಥವೇ. ಮೂತ್ರ ಕೆಂಪಾಗುವುದು ಗಂಟಲು ನೋವು, ನೆಗಡಿ ಬಂದಾಗ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದು ಹೋದ ಮೇಲೆ ಕಿಡ್ನಿ ಊದಿಕೊಂಡು ಮೂತ್ರ ಕೋಲಾ ಬಣ್ಣಕ್ಕೆ ತಿರುಗುವ ಕಾಯಿಲೆ ನಿಜವಾಗಿಯೂ ಇದೆ, ಇಂದಿಗೂ ನಮ್ಮ ಮಕ್ಕಳಲ್ಲಿ ಕಾಣುತ್ತದೆ. ಅದರಲ್ಲಿ ಗಂಟಲು ನೋವು ಬಂದ ಒಂದರಿಂದ ಮೂರು ವಾರಕ್ಕೆ ಮೂತ್ರ ಕೆಂಪಾಗುತ್ತದೆ. ಆಲ್‌ಪೋರ್ಟ್‌ನಲ್ಲಿ ಜ್ವರದ ಜೊತೆಜೊತೆಗೇ ಆಗುತ್ತದೆ, ಮತ್ತೆ ಮತ್ತೆ ಆಗುತ್ತದೆ. ವ್ಯತ್ಯಾಸ ಇಷ್ಟು ಸಣ್ಣದಾದರೆ ಸೋಂಕೇ ಕಾರಣ ಅನ್ನಿಸುವುದು ಸಹಜ. ಅಮೆರಿಕದ ಯೂಟಾದಲ್ಲಿ ಇದೇ ಕಾಯಿಲೆಯ ದೊಡ್ಡದೊಂದು ಮನೆತನ ಸಿಕ್ಕಿತು. 1951ರಲ್ಲಿ ಅಲ್ಲಿನ ವೈದ್ಯರು ಅದರ ಬಗ್ಗೆ ಬರೆದಾಗ ಕೊಟ್ಟ ಹೆಸರು ‘ಆನುವಂಶಿಕ ಪೈಲೋನೆಫ್ರೈಟಿಸ್’ ಅನ್ನುವ ಅರ್ಥದ್ದು. ಪೈಲೋನೆಫ್ರೈಟಿಸ್ ಅಂದರೆ ಕಿಡ್ನಿಗೆ ಬ್ಯಾಕ್ಟೀರಿಯಾ ಸೋಂಕು. ಗುಥ್ರಿಯಿಂದ ಅಷ್ಟು ಹೊತ್ತಿಗೆ ಸುಮಾರು 50 ವರ್ಷ. ಇನ್ನೂ ಸೋಂಕಿನ ಮಾತೇ.

ಸೋಂಕು ಕಾರಣವಲ್ಲ, ಅದು ಒಳಗಿದ್ದ ದೋಷವನ್ನು ಹೊರಗೆ ತೋರಿಸುತ್ತಿತ್ತು ಅಷ್ಟೇ. ಒಳಗಿದ್ದ ದೋಷ ಏನು ಅಂತ ಅರ್ಥವಾಗಬೇಕಾದರೆ ಕಿಡ್ನಿಯ ಸೋಸುವ ಜಾಗಕ್ಕೆ ಇಳಿಯಬೇಕು.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಗ್ಲೊಮೆರುಲಸ್ ಇರುತ್ತವೆ. ಸಣ್ಣ ಸಣ್ಣ ರಕ್ತನಾಳಗಳ ಉಂಡೆಗಳು. ಎಲ್ಲವೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸಿ ತೆಗೆಯುತ್ತವೆ, ಅದರಲ್ಲಿ ಹತ್ತಿರಹತ್ತಿರ ಎಲ್ಲವೂ ವಾಪಸ್ ರಕ್ತಕ್ಕೆ ಹೋಗಿ ಒಂದೂವರೆ ಲೀಟರ್ ಮಾತ್ರ ಮೂತ್ರವಾಗುತ್ತದೆ. ಸೋಸಲು ಒತ್ತಡ ಬೇಕು, ಹಾಗಾಗಿ ಈ ಉಂಡೆಗಳೊಳಗಿನ ರಕ್ತದ ಒತ್ತಡ ದೇಹದ ಬೇರೆ ಸಣ್ಣ ನಾಳಗಳಿಗಿಂತ ಜಾಸ್ತಿ. ಈ ಒತ್ತಡವನ್ನು ಹುಟ್ಟಿನಿಂದ ಸಾಯುವವರೆಗೆ ತಡೆದುಕೊಂಡು ನಿಲ್ಲುವುದು ಒಂದು ಪೊರೆ. ದಪ್ಪ ಎಷ್ಟು ಅಂತೀರಿ? ಒಂದು ಮಿಲಿಮೀಟರ್‌ನ ಮೂರು ಸಾವಿರದ ಒಂದು ಪಾಲು, ಅಷ್ಟೇ. ಒಳಗಡೆ ರಂಧ್ರಗಳಿರುವ ಜೀವಕೋಶಗಳು, ಹೊರಗಡೆ ಬೆರಳು ಚಾಚಿ ಹಿಡಿದುಕೊಂಡ ಪೋಡೊಸೈಟ್ ಎಂಬ ಜೀವಕೋಶಗಳು, ನಡುವೆ ಈ ಪೊರೆ.

ಪೊರೆಯ ಹಂದರ ಕೊಲಾಜೆನ್-4 ಎಂಬ ಪ್ರೋಟೀನಿನದು. ಮೂರು ಎಳೆ ಸುತ್ತಿಕೊಂಡು ಒಂದು ಜಡೆ, ಅಂಥ ಜಡೆಗಳು ತುದಿಗೆ ತುದಿ ಸೇರಿ ಬಲೆ. ಮೂರು ಎಳೆ ಒತ್ತಾಗಿ ಸುತ್ತಿಕೊಳ್ಳಬೇಕಾದರೆ ನಡುವೆ ಜಾಗ ಸಾಲದು, ಅದಕ್ಕೆ ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಇರುತ್ತದೆ, ಪ್ರೋಟೀನಿನ ಎಳೆಯ ಮಣಿಗಳಾದ ಅಮೈನೊ ಆಮ್ಲಗಳಲ್ಲೇ ಅತಿ ಚಿಕ್ಕದು. ಆ ಜಾಗಕ್ಕೆ ಬೇರೆ ಯಾವುದೇ ದಪ್ಪನೆಯ ಅಮೈನೊ ಆಮ್ಲ ಬಂದರೂ ಜಡೆ ಅಲ್ಲಿ ಉಬ್ಬಿಕೊಳ್ಳುತ್ತದೆ. ಆಲ್‌ಪೋರ್ಟ್ ರೋಗಿಗಳ ಜೀನ್ ಪರೀಕ್ಷೆಯಲ್ಲಿ ತುಂಬಾ ಸಲ ಕಾಣುವುದು ಇದೇ ತಪ್ಪು, ಸಾವಿರಾರು ಅಕ್ಷರಗಳ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಗ್ಲೈಸಿನ್ ಹೋಗಿ ಇನ್ನೊಂದು ಬಂದಿರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಬಲೆಯೇ ಸರಿಯಿಲ್ಲ ಅಂದರೆ ಮಗು ಹುಟ್ಟುತ್ತಲೇ ಕಿಡ್ನಿ ಕೈಕೊಡಬೇಕಿತ್ತಲ್ಲ? ಗುಥ್ರಿ ನೋಡಿದ ಮಕ್ಕಳು ಓಡಾಡಿಕೊಂಡೇ ಇದ್ದರು. ಉತ್ತರ ಸ್ವಾರಸ್ಯವಾಗಿದೆ. ಕೊಲಾಜೆನ್-4ಕ್ಕೆ ಆರು ಬಗೆಯ ಎಳೆಗಳಿವೆ. ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿ ಆಲ್ಫಾ-1 ಮತ್ತು ಆಲ್ಫಾ-2 ಎಳೆಗಳಿಂದ ಬಲೆ ನೇಯುತ್ತದೆ. ಬೆಳೆಯುತ್ತಾ ಬಂದ ಹಾಗೆ ಅದನ್ನು ಬಿಟ್ಟು ಆಲ್ಫಾ-3, 4, 5 ಎಳೆಗಳ ಬಲೆಗೆ ಬದಲಾಯಿಸಿಕೊಳ್ಳುತ್ತದೆ. ಈ ಎರಡನೆಯ ಬಲೆಯಲ್ಲಿ ಅಡ್ಡಕೊಂಡಿಗಳು ಜಾಸ್ತಿ, ಕರಗಿಸುವ ಕಿಣ್ವಗಳಿಗೆ ಬೇಗ ಬಗ್ಗುವುದಿಲ್ಲ. ಆಲ್‌ಪೋರ್ಟ್ ಇರುವವರಲ್ಲಿ ಈ ಬದಲಾವಣೆ ಆಗುವುದಿಲ್ಲ, ಅಥವಾ ಅರೆಬರೆ ಆಗುತ್ತದೆ. ಮಗು ಹಳೆಯ ಬಲೆಯಲ್ಲೇ ಬದುಕು ಸಾಗಿಸುತ್ತದೆ. ಅದು ಕೆಲವು ವರ್ಷ ತಡೆಯುತ್ತದೆ. ಮೊದಲು ಪೊರೆ ತೆಳ್ಳಗಿದ್ದು ಅಲ್ಲಲ್ಲಿ ಬಿರಿದು ರಕ್ತಕಣ ನುಸುಳುತ್ತವೆ. ಆಮೇಲೆ ಪೊರೆ ದಪ್ಪವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ, ಪದರ ಪದರವಾಗಿ ಸೀಳಿಕೊಳ್ಳುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರದಲ್ಲಿ ನೋಡಿದರೆ ಒಂದು ಕಡೆ ಹಾಳೆಯಷ್ಟು ತೆಳು, ಪಕ್ಕದಲ್ಲೇ ಮೂರು ಪಟ್ಟು ದಪ್ಪ, ಆ ದಪ್ಪದೊಳಗೆ ಬೂದು ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು, ನಡುನಡುವೆ ಕಪ್ಪು ಚುಕ್ಕೆಗಳು. 1970ರ ದಶಕದ ಆರಂಭದಲ್ಲಿ ಈ ಚಿತ್ರಗಳು ಬಂದ ಮೇಲೆಯೇ ತೊಂದರೆ ಪೊರೆಯಲ್ಲೇ ಇದೆ ಅನ್ನುವುದು ಖಚಿತವಾಗಿದ್ದು. ಪೊರೆ ಹಾಳಾದ ಮೇಲೆ ಪೋಡೊಸೈಟ್ ಹಿಡಿತ ತಪ್ಪುತ್ತದೆ, ಮೂತ್ರಕ್ಕೆ ಪ್ರೋಟೀನ್ ಸೋರುತ್ತದೆ, ಉಂಡೆ ಒಣಗಿ ಗಾಯದ ಕಲೆಯಾಗುತ್ತದೆ, ಉಳಿದ ಉಂಡೆಗಳ ಮೇಲೆ ಹೊರೆ ಬೀಳುತ್ತದೆ, ಅವೂ ಒಣಗುತ್ತವೆ.

ಕಿವಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಆಲ್ಫಾ-3, 4, 5ರ ಬಲೆ ದೇಹದಲ್ಲಿ ಎಲ್ಲೆಡೆ ಇಲ್ಲ. ಕಿಡ್ನಿಯಲ್ಲಿದೆ, ಒಳಗಿವಿಯ ಕಾಕ್ಲಿಯಾದಲ್ಲಿದೆ, ಕಣ್ಣಿನ ಲೆನ್ಸಿನ ಹೊದಿಕೆಯಲ್ಲಿದೆ. ಹಾಗಾಗಿ ಮುಖ್ಯವಾಗಿ ಈ ಮೂರು ಜಾಗದಲ್ಲಿ ಪೆಟ್ಟು. ಕಿವುಡು ಹುಟ್ಟಿನಿಂದ ಬರುವುದಿಲ್ಲ, ಶಾಲೆಗೆ ಹೋಗುವ ವಯಸ್ಸಿನ ಕೊನೆಗೆ, ಎತ್ತರದ ದನಿಗಳು ಕೇಳಿಸದೆ ಹೋಗುವುದರಿಂದ ಶುರು. ಕಣ್ಣಿನಲ್ಲಿ ಲೆನ್ಸ್ ಮುಂದಕ್ಕೆ ಉಬ್ಬಿ ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತದೆ.

ಇನ್ನು ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಒಗಟು. ಗುಡ್‌ಪಾಸ್ಚರ್ ಅಂತ ಇನ್ನೊಂದು ಕಿಡ್ನಿ ಕಾಯಿಲೆ ಇದೆ, ಅದರಲ್ಲಿ ದೇಹವೇ ತನ್ನ ಪೊರೆಯ ವಿರುದ್ಧ ಆ್ಯಂಟಿಬಾಡಿ ಮಾಡಿಕೊಳ್ಳುತ್ತದೆ. ಆ ರೋಗಿಗಳ ಆ್ಯಂಟಿಬಾಡಿ ತೆಗೆದು ಆರೋಗ್ಯವಂತರ ಕಿಡ್ನಿಗೆ ಹಾಕಿದರೆ ಅಂಟಿಕೊಳ್ಳುತ್ತದೆ. ಆಲ್‌ಪೋರ್ಟ್ ಇರುವ ಗಂಡಸರ ಕಿಡ್ನಿಗೆ ಹಾಕಿದರೆ ತುಂಬಾ ಜನರಲ್ಲಿ ಅಂಟುವುದೇ ಇಲ್ಲ. ಅಂದರೆ ಅಂಟಬೇಕಾದ ವಸ್ತುವೇ ಅಲ್ಲಿಲ್ಲ. ಆ ವಸ್ತು ಆಲ್ಫಾ-3 ಎಳೆಯ ತುದಿ ಅಂತ ಆಮೇಲೆ ಗೊತ್ತಾಯಿತು. ಸರಿ, ಹಾಗಾದರೆ ಆಲ್ಫಾ-3ರ ಜೀನೇ ಹಾಳಾಗಿರಬೇಕು, ಕೇಸ್ ಮುಗಿಯಿತು ಅನ್ನಬಹುದಿತ್ತು. ಆದರೆ ಆ ಜೀನ್ ಇರುವುದು 2ನೇ ಕ್ರೋಮೊಸೋಮಿನಲ್ಲಿ. ಮನೆತನಗಳ ವಂಶವೃಕ್ಷ ನೋಡಿದರೆ ಕಾಯಿಲೆ ಎಕ್ಸ್ ಕ್ರೋಮೊಸೋಮಿನದು: ಅಪ್ಪನಿಂದ ಮಗನಿಗೆ ಹೋಗುವುದಿಲ್ಲ, ಗಂಡಸರಿಗೆ ಹೊಡೆತ ಜಾಸ್ತಿ, ಹೆಂಗಸರಿಗೆ ಕಡಿಮೆ. ಕಾಣೆಯಾದ ವಸ್ತು ಒಂದು ಕಡೆ, ತಪ್ಪಿತಸ್ಥ ಇನ್ನೊಂದು ಕಡೆ!

1990ರಲ್ಲಿ ಬಿಡಿಸಿಕೊಂಡಿತು. ಎಕ್ಸ್ ಮೇಲೆ ಆಲ್ಫಾ-5ರ ಜೀನ್, ಸಿಒಎಲ್4ಎ5, ಸಿಕ್ಕಿತು. ಬಾರ್ಕರ್, ಟ್ರಿಗ್‌ವಾಸನ್ ಮತ್ತು ಜೊತೆಯವರು ಯೂಟಾದ ಮನೆತನಗಳಲ್ಲಿ ಅದೇ ಜೀನ್ ಹಾಳಾಗಿರುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಒಂದು ಕುಟುಂಬದಲ್ಲಿ ಜೀನಿನ ತುಂಡೊಂದು ಅಳಿಸಿಹೋಗಿತ್ತು. 1951ರಲ್ಲಿ ಸೋಂಕಿನ ಹೆಸರು ಪಡೆದಿದ್ದ ಆ ದೊಡ್ಡ ಮನೆತನದಲ್ಲಿ ಸಿಸ್ಟೀನ್ ಎಂಬ ಒಂದು ಅಮೈನೊ ಆಮ್ಲ ಹೋಗಿ ಸೀರಿನ್ ಎಂಬ ಇನ್ನೊಂದು ಬಂದಿತ್ತು, ಅಡ್ಡಕೊಂಡಿ ಹಾಕಲು ಬೇಕಾಗಿದ್ದ ಸಿಸ್ಟೀನ್. ಒಗಟಿಗೂ ಉತ್ತರ ಸಿಕ್ಕಿತು. ಆಲ್ಫಾ-3, 4, 5 ಒಟ್ಟಿಗೇ ಸುತ್ತಿಕೊಳ್ಳಬೇಕು. ಆಲ್ಫಾ-5 ಇಲ್ಲದಿದ್ದರೆ ಜಡೆ ಕಟ್ಟುವುದೇ ಇಲ್ಲ, ಚೆನ್ನಾಗಿರುವ ಆಲ್ಫಾ-3, 4 ಕೂಡ ಜೀವಕೋಶದೊಳಗೇ ನಾಶವಾಗುತ್ತವೆ. ಹಾಗೇ ಆಲ್ಫಾ-3 ಅಥವಾ 4ರ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಹಾಳಾಗಿ ಬಂದರೆ ಅದೇ ಕಾಯಿಲೆ, ಆಗ ಹುಡುಗ ಹುಡುಗಿ ಇಬ್ಬರಿಗೂ ಒಂದೇ ತೀವ್ರತೆ. ಇದು 1994ರಲ್ಲಿ ಸಾಬೀತಾಯಿತು.

ಆಲ್‌ಪೋರ್ಟ್ ಹೇಳಿದ ಗಂಡು-ಹೆಣ್ಣಿನ ವ್ಯತ್ಯಾಸಕ್ಕೆ ಈಗ ಮರಳೋಣ, ಯಾಕಂದರೆ ನನ್ನ ಪ್ರಕಾರ ಈ ಪ್ರಕರಣದಲ್ಲಿ ನಿಜವಾದ ಅನ್ಯಾಯ ಆಗಿದ್ದು ಇಲ್ಲಿ. ಗಂಡಸಿಗೆ ಎಕ್ಸ್ ಒಂದೇ, ಹಾಳಾದರೆ ಬದಲಿ ಇಲ್ಲ. ಹೆಂಗಸಿಗೆ ಎರಡು. ಆದರೆ ಪ್ರತಿ ಜೀವಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಮುಚ್ಚಿಕೊಂಡಿರುತ್ತದೆ, ಯಾವುದು ಅನ್ನುವುದು ಅದೃಷ್ಟದ ಆಟ. ಹಾಗಾಗಿ ಅವಳ ಪೊರೆ ಒಂದು ಕಡೆ ಸರಿ, ಇನ್ನೊಂದು ಕಡೆ ತೂತು. ಕೆಲವರಿಗೆ ಜೀವನವಿಡೀ ಬರೀ ರಕ್ತಕಣ, ಕೆಲವರಿಗೆ ಡಯಾಲಿಸಿಸ್. ಯುರೋಪಿನ ನೂರಾರು ಕುಟುಂಬಗಳ ಲೆಕ್ಕ 2003ರಲ್ಲಿ ಬಂತು: 40 ವರ್ಷದೊಳಗೆ ಕಿಡ್ನಿ ಪೂರ್ತಿ ಕೈಕೊಡುವ ಸಾಧ್ಯತೆ ಗಂಡಸರಿಗೆ ಶೇ. 90, ಹೆಂಗಸರಿಗೆ ಶೇ. 12. ವಯಸ್ಸಾದಂತೆ ಹೆಂಗಸರ ಪಾಲು ಏರುತ್ತಾ ಹೋಗುತ್ತದೆ. ಶೇ. 12 ಅಂದರೆ ಎಂಟು ಜನರಲ್ಲಿ ಒಬ್ಬರು, ಸಣ್ಣ ಸಂಖ್ಯೆಯಲ್ಲ. ಆದರೂ ದಶಕಗಳ ಕಾಲ ಈ ಹೆಂಗಸರಿಗೆ ‘ನಿಮಗೇನೂ ಇಲ್ಲ, ಮಕ್ಕಳಿಗೆ ದಾಟಿಸುತ್ತೀರಿ ಅಷ್ಟೇ’ ಅಂತ ಹೇಳಿ ಕಳುಹಿಸಿದರು. ಬಿಪಿ ನೋಡಲಿಲ್ಲ, ಮೂತ್ರದ ಪ್ರೋಟೀನ್ ನೋಡಲಿಲ್ಲ. 1927ರ ಲೇಖನದಲ್ಲೇ ಹೆಂಗಸರಿಗೂ ರಕ್ತಮೂತ್ರ ಇದೆ, ಕಿವುಡು ಇದೆ ಅಂತ ಬರೆದಿತ್ತು, ಓದಿದವರು ‘ವಯಸ್ಸಾಗುವವರೆಗೆ ಬದುಕುತ್ತಾರೆ’ ಅನ್ನುವುದನ್ನು ಮಾತ್ರ ಹಿಡಿದುಕೊಂಡರು. ಅವರನ್ನೂ ರೋಗಿಗಳಂತೆಯೇ ನೋಡಬೇಕು ಅಂತ ತಜ್ಞರು ವರ್ಗೀಕರಣವನ್ನೇ ತಿದ್ದಿ ಬರೆದದ್ದು 2018ರಲ್ಲಿ.

ಗುಥ್ರಿಯ ಮನೆತನ ಇವತ್ತು ಆಸ್ಪತ್ರೆಗೆ ಬಂದರೆ? ಮೊದಲ ಕೆಲಸ ಮಷಿನ್‌ನದ್ದಲ್ಲ, ಮಾತಿನದು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಡಯಾಲಿಸಿಸ್ ಆದವರು ಇದ್ದಾರಾ? ಮುದುಕರಾಗುವ ಮೊದಲೇ ಕಿವಿಗೆ ಮಷಿನ್ ಹಾಕಿಕೊಂಡವರು? ಹುಡುಗನಿಗೆ ರಕ್ತ ಹೋಗುತ್ತಿದ್ದರೆ ಅಪ್ಪನ ಕಡೆಗಿಂತ ಅಮ್ಮನ ಕಡೆ ಕೇಳಬೇಕು: ಸೋದರಮಾವ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು. ಅಮ್ಮನ ಮೂತ್ರವನ್ನೂ ಅದೇ ದಿನ ಪರೀಕ್ಷಿಸಬೇಕು. ಆಮೇಲೆ ಕಿವಿ, ಕಣ್ಣು, ಜೀನ್ ಪರೀಕ್ಷೆ. ಜೀನ್‌ನಲ್ಲೇ ಸ್ಪಷ್ಟವಾದರೆ ಬಯಾಪ್ಸಿಯ ಸೂಜಿಯೂ ಬೇಕಾಗದೆ ಇರಬಹುದು. ಮನೆಯಲ್ಲಿ ಯಾರಿಗೂ ಇಲ್ಲ ಅಂದ ಮಾತ್ರಕ್ಕೆ ಕೈಬಿಡುವ ಹಾಗಿಲ್ಲ, ಕೆಲವರಲ್ಲಿ ತಪ್ಪು ಅವರಿಂದಲೇ ಹೊಸದಾಗಿ ಶುರುವಾಗಿರುತ್ತದೆ.

ಯಾವ ತಪ್ಪು ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಜೀನಿನ ದೊಡ್ಡ ತುಂಡು ಹೋಗಿದ್ದರೆ, ಅಥವಾ ಜೀವಕೋಶ ಜೀನನ್ನು ಓದುವುದು ಅರ್ಧಕ್ಕೇ ನಿಲ್ಲುವಂಥ ತಪ್ಪಾಗಿದ್ದರೆ, ಹುಡುಗರಲ್ಲಿ ಹೆಚ್ಚಿನವರು 30ರೊಳಗೆ ಡಯಾಲಿಸಿಸ್‌ಗೆ ಬರುತ್ತಿದ್ದರು. ಒಂದು ಅಕ್ಷರದ ಬದಲಾವಣೆಯಾದರೆ ಆ ವಯಸ್ಸಿಗೆ ಸುಮಾರು ಅರ್ಧದಷ್ಟು ಜನ.

ಬರುತ್ತಿದ್ದರು ಅಂತ ಬರೆದೆ, ಯಾಕಂದರೆ ಈಗ ಮಾತ್ರೆ ಇದೆ, ಅದೂ ದುಬಾರಿಯದಲ್ಲ. ಬಿಪಿಗೆ ಕೊಡುವ ರಾಮಿಪ್ರಿಲ್ ಗುಂಪಿನ ಮಾತ್ರೆಗಳೇ. ಬಲೆಯನ್ನು ಅವು ರಿಪೇರಿ ಮಾಡುವುದಿಲ್ಲ, ಉಂಡೆಯೊಳಗಿನ ಒತ್ತಡ ಇಳಿಸುತ್ತವೆ. 2012ರ ಯುರೋಪಿನ ರೋಗಿಗಳ ನೋಂದಣಿ ಲೆಕ್ಕದಲ್ಲಿ ಮಾತ್ರೆ ಇಲ್ಲದವರು ಸರಾಸರಿ 22ನೇ ವಯಸ್ಸಿಗೆ ಡಯಾಲಿಸಿಸ್‌ಗೆ ಬಂದರೆ, ಪ್ರೋಟೀನ್ ಸೋರಲು ಶುರುವಾದಾಗಲೇ ಮಾತ್ರೆ ಹಿಡಿದವರು 40ರ ಹತ್ತಿರ ಬಂದಿದ್ದರು. ಕಿಡ್ನಿ ಸೋತ ಮೇಲೆ ಶುರು ಮಾಡಿದವರಿಗೆ ಸಿಕ್ಕಿದ್ದು ಮೂರೇ ವರ್ಷ. ತಡ ಮಾಡಿದರೆ ಆಗುವ ನಷ್ಟ ಇಷ್ಟು. ಒಂದು ಎಚ್ಚರಿಕೆ ಇದೆ: ಬಸುರಿಯರು ಈ ಮಾತ್ರೆ ತೆಗೆದುಕೊಳ್ಳುವ ಹಾಗಿಲ್ಲ. ವಾಂತಿ ಭೇದಿ ಆಗಿ ನೀರು ಆರಿದಾಗ ಮುಂದುವರಿಸುವುದೋ ಬಿಡುವುದೋ ಅಂತ ಡಾಕ್ಟರನ್ನು ಕೇಳಬೇಕು. ಸ್ಟೀರಾಯ್ಡ್ ಇದರಲ್ಲಿ ಕೆಲಸ ಮಾಡುವುದಿಲ್ಲ. ಪ್ರೋಟೀನ್ ಸೋರುವ ಬೇರೆ ಮಕ್ಕಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆಲ್‌ಪೋರ್ಟ್ ಮಗುವಿಗೂ ತಿಂಗಳುಗಟ್ಟಲೆ ಕೊಟ್ಟರೆ ಮುಖ ಊದುತ್ತದೆ, ಎತ್ತರ ನಿಲ್ಲುತ್ತದೆ, ಕಿಡ್ನಿಗೆ ಏನೂ ಸಿಗುವುದಿಲ್ಲ.

ನಮ್ಮ ಕರ್ನಾಟಕದ ಮಟ್ಟಿಗೆ ಒಂದು ಮಾತು ಸೇರಿಸಲೇಬೇಕು. ಆಲ್ಫಾ-3 ಅಥವಾ 4ರ ಜೀನಿನಲ್ಲಿ ಒಂದು ಪ್ರತಿ ಹಾಳಾಗಿರುವವರು ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರು ಅಂತ ಜೀನ್ ದತ್ತಾಂಶಗಳ ಅಂದಾಜು. ಹೊರಗಿನ ಸಂಬಂಧವಾದರೆ ಇಬ್ಬರಿಗೂ ಅದೇ ಇರುವ ಸಾಧ್ಯತೆ ಕಡಿಮೆ. ಅತ್ತೆ ಮಗಳು, ಅಕ್ಕನ ಮಗಳು ಅಂತ ಒಳಗೇ ಮದುವೆಯಾದಾಗ ಅದೇ ತಪ್ಪು ಎರಡೂ ಕಡೆಯಿಂದ ಬರುವ ಸಾಧ್ಯತೆ ಏರುತ್ತದೆ, ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಅಪಾಯ. ಎಕ್ಸ್‌ನ ಕಾಯಿಲೆಯಲ್ಲೂ ಇದಕ್ಕೊಂದು ತಿರುವಿದೆ: ಕಾಯಿಲೆ ಇರುವ ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ, ಅವಳಲ್ಲೂ ಅದೇ ತಪ್ಪಿದ್ದರೆ, ಹುಟ್ಟುವ ಹೆಣ್ಣುಮಗುವಿಗೆ ಎರಡೂ ಎಕ್ಸ್ ಹಾಳಾಗಿರಬಹುದು. ಆಗ ಅವಳಿಗೂ ಗಂಡುಮಕ್ಕಳಷ್ಟೇ ಹೊಡೆತ. ಆದ್ದರಿಂದ ನಮ್ಮಲ್ಲಿ ಒಬ್ಬ ಹುಡುಗಿಗೆ ಬೇಗನೆ ಕಿಡ್ನಿ ಸೋತರೆ ‘ಹುಡುಗಿ ಅಲ್ವಾ, ಆಲ್‌ಪೋರ್ಟ್ ಇರಲಿಕ್ಕಿಲ್ಲ’ ಅನ್ನುವುದು ತಪ್ಪು.

ಮಾತ್ರೆಯಿಂದ ಮುಂದೂಡಿದ್ದು ಒಂದು ದಿನ ಬಂದೇ ಬಂದರೆ ಕಿಡ್ನಿ ಕಸಿ. ಆಲ್‌ಪೋರ್ಟ್‌ನಲ್ಲಿ ಕಸಿ ಚೆನ್ನಾಗಿ ನಡೆಯುತ್ತದೆ, ಹೊಸ ಕಿಡ್ನಿಗೆ ಈ ಕಾಯಿಲೆ ಮರಳುವುದಿಲ್ಲ, ಯಾಕಂದರೆ ಅದರ ಪೊರೆ ಅದೇ ನೇಯ್ದುಕೊಂಡದ್ದು. ಆದರೆ ನೂರರಲ್ಲಿ ಮೂರರಿಂದ ಐದು ಗಂಡಸರಲ್ಲಿ ಬೇರೆಯೇ ತೊಂದರೆ ಬರುತ್ತದೆ. ಅವರ ದೇಹ ಹುಟ್ಟಿದಾಗಿನಿಂದ ಆ 3, 4, 5ರ ಬಲೆಯನ್ನೇ ನೋಡಿಲ್ಲ. ಹೊಸ ಕಿಡ್ನಿಯಲ್ಲಿ ಅದು ಕಂಡಾಗ ಪರಕೀಯ ಅಂದುಕೊಂಡು ಆ್ಯಂಟಿಬಾಡಿ ಮಾಡುತ್ತದೆ, ಗುಡ್‌ಪಾಸ್ಚರ್ ಕಾಯಿಲೆಯ ಹಾಗೇ. ಇನ್ನು ಕಿಡ್ನಿ ಕೊಡುವವರು ಯಾರು? ನಮ್ಮ ಮನೆಗಳಲ್ಲಿ ಅಮ್ಮನೇ ಮೊದಲು ಮುಂದೆ ಬರುತ್ತಾಳೆ, ‘ನನ್ನದು ತೆಗೆದುಕೊಳ್ಳಿ’ ಅಂತ. ಎಕ್ಸ್‌ನ ಆಲ್‌ಪೋರ್ಟ್‌ನಲ್ಲಿ ಮಗನಿಗೆ ತಪ್ಪು ಬಂದದ್ದು ಅವಳಿಂದಲೇ ಆಗಿದ್ದರೆ ಅವಳ ಕಿಡ್ನಿಗೂ ತೊಂದರೆಯ ಅಪಾಯ ಇದೆ, ಎರಡರಲ್ಲಿ ಒಂದನ್ನು ಕೊಟ್ಟ ಮೇಲೆ ಆ ಅಪಾಯ ಏರುತ್ತದೆ. ಅದಕ್ಕೇ ಡಾಕ್ಟರು ಮೊದಲು ಅಪ್ಪನ ರಕ್ತದ ಗುಂಪು ಕೇಳುತ್ತಾರೆ.